ಅಜ್ಜಿಯ ಅಮ್ಮ ಯಾರು? ತಾಯಿ ಕಡೆಯವರನ್ನು ಹಳೇ ಕಾಗದಗಳಲ್ಲಿ ಹುಡುಕುವ ದಾರಿ

ಅಪ್ಪನ ಕಡೆ ನಾಲ್ಕು ತಲೆಮಾರಿನ ಹೆಸರು ಹೇಳಿ ಅಂದರೆ ಎಷ್ಟೋ ಮನೆಗಳಲ್ಲಿ ಯಾರಾದರೂ ಒಬ್ಬರು ಗಡಗಡ ಹೇಳಿಬಿಡುತ್ತಾರೆ. ಅಮ್ಮನ ಅಮ್ಮನ ಅಮ್ಮನ ಹೆಸರೇನು ಅಂತ ಕೇಳಿ ನೋಡಿ. "ನಂಜಮ್ಮನೋ, ನಂಜಕ್ಕನೋ, ಏನೋ ಇತ್ತಪ್ಪ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಇದು ಬರೀ ಮರೆವಲ್ಲ. ನಮ್ಮ ಕಾಗದಪತ್ರಗಳು ನಡೆದುಬಂದಿರುವ ರೀತಿಯೇ ಹಾಗೆ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಇರುವುದು ಆಸ್ತಿ ಯಾರಿಗೆ ಹೋಗಬೇಕು ಅಂತ ತೋರಿಸಲಿಕ್ಕೆ. ಅದು ಒಬ್ಬ ಗಂಡಸಿನಿಂದ ಶುರುವಾಗಿ ಗಂಡುಮಕ್ಕಳ ಮೇಲೆಯೇ ಇಳಿಯುತ್ತದೆ. ಮದುವೆಯಾದ ಹೆಣ್ಣಿನ ಊರು ಬದಲು, ಇನಿಷಿಯಲ್ ಬದಲು. ಧಾರವಾಡ, ಬೆಳಗಾವಿ ಕಡೆಯ ಕೆಲವು ಮನೆತನಗಳಲ್ಲಂತೂ ಮದುವೆ ದಿನವೇ ಅವಳ ಹೆಸರೂ ಬದಲು.

ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಗಂಡನ ಮನೆ ಕಾಗದದಲ್ಲಿ ಹುಡುಕಬೇಡಿ. ಅವಳ ಅಣ್ಣತಮ್ಮಂದಿರ ಕಾಗದದಲ್ಲಿ ಹುಡುಕಿ. ಅವಳು ಊರು ಬಿಟ್ಟಳು, ಅವರು ಬಿಡಲಿಲ್ಲ. ಜಮೀನು, ಮನೆ, ಕಂದಾಯದ ರಸೀದಿ, ಕೋರ್ಟು ಕಚೇರಿ ಎಲ್ಲವೂ ಅವರ ಹೆಸರಿನಲ್ಲಿ ಅಲ್ಲೇ ಇವೆ. ಕೆಳಗೆ ಹೇಳಿರುವುದೆಲ್ಲ ಆ ಅಣ್ಣತಮ್ಮಂದಿರ, ಅಂದರೆ ಅವಳ ಮಕ್ಕಳ ಸೋದರಮಾವನ, ಮನೆ ಬಾಗಿಲಿಗೆ ಹೋಗಿ ಮುಟ್ಟುವ ದಾರಿಗಳೇ.

ಮೊದಲು ಪ್ರಶ್ನೆ ಬರೆದುಕೊಳ್ಳಿ

"ನಮ್ಮ ಅಮ್ಮನ ಕಡೆ ಇತಿಹಾಸ ಬೇಕು" ಅಂತ ಹೊರಟರೆ ಎಲ್ಲೂ ಮುಟ್ಟುವುದಿಲ್ಲ. ಒಂದು ಹೆಣ್ಣು, ಒಂದು ಪ್ರಶ್ನೆ. ಅನುಮಾನ ಸಾಮಾನ್ಯವಾಗಿ ಬರುವುದು ಕೆಲವೇ ಕಡೆ: ಮುತ್ತಜ್ಜನಿಗೆ ಇಬ್ಬರು ಹೆಂಡತಿಯರಿದ್ದರು, ಅಜ್ಜಿ ಯಾರ ಮಗಳೋ ಗೊತ್ತಿಲ್ಲ. ಅಥವಾ ಅಜ್ಜಿಯನ್ನು ಸಾಕಿದವರು ಒಬ್ಬರು, ಹೆತ್ತವರು ಇನ್ನೊಬ್ಬರು. ಅಥವಾ ಉಡಿಕೆ, ಅಂದರೆ ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ ಆಗಿತ್ತು, ಅದನ್ನು ಯಾರೂ ಬಾಯಿಬಿಡುವುದಿಲ್ಲ. ಅಥವಾ ಸುಮ್ನೆ ಒಂದೇ ಹೆಸರಿನ ಇಬ್ಬರು, ಯಾಕೆಂದರೆ ಮೊಮ್ಮಗಳಿಗೆ ಅಜ್ಜಿ ಹೆಸರಿಡುವುದು ನಮ್ಮಲ್ಲಿ ಮಾಮೂಲು.

ಇಬ್ಬರು ಹೆಂಡತಿಯರ ಪ್ರಶ್ನೆಯನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಅಜ್ಜಿ ಹುಟ್ಟಿದ್ದು 1930ರ ಆಸುಪಾಸು. ಅವರ ಅಪ್ಪನ ಹಿರಿ ಹೆಂಡತಿ ಗೌರಮ್ಮ, ಕಿರಿ ಹೆಂಡತಿ ಪುಟ್ಟಮ್ಮ ಅಂತ ಇಟ್ಟುಕೊಳ್ಳಿ. ಅಜ್ಜಿ ಇಬ್ಬರಲ್ಲಿ ಯಾರ ಮಗಳು? ಇದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ವಿಚಾರಿಸಿ. ಗೌರಮ್ಮ, ಪುಟ್ಟಮ್ಮ ಒಡಹುಟ್ಟಿದ ಅಕ್ಕತಂಗಿಯರಾ? ಅಕ್ಕ ತೀರಿಕೊಂಡಾಗ, ಅಥವಾ ಅಕ್ಕನಿಗೆ ಮಕ್ಕಳಾಗದಿದ್ದಾಗ, ತಂಗಿಯನ್ನೇ ಕೊಡುವುದು ಆಗ ಬಹಳ ನಡೆಯುತ್ತಿತ್ತು. ಹಾಗಿದ್ದರೆ ಅಜ್ಜಿ ಯಾರ ಮಗಳಾದರೂ ಅದಕ್ಕಿಂತ ಮೇಲಿನ ತಾಯಿಯ ಸಾಲು ಒಂದೇ. ಅರ್ಧ ತಲೆನೋವು ಅಲ್ಲೇ ಮುಗಿಯಿತು.

ಹಿರಿಯರ ಹತ್ತಿರ ಕೇಳುವ ಪ್ರಶ್ನೆಗಳು

"ನಿಮ್ಮಮ್ಮ ಯಾವ ಇಸವಿಯಲ್ಲಿ ಹುಟ್ಟಿದ್ದು?" ಅಂತ ಕೇಳಿದರೆ ಪಾಪ ಅವರಿಗೂ ಗೊತ್ತಿರುವುದಿಲ್ಲ, ನಿಮಗೂ ಏನೂ ಸಿಗುವುದಿಲ್ಲ. ನಡೆದದ್ದನ್ನು ಕೇಳಿ. ಚೊಚ್ಚಲ ಬಾಣಂತನ ಯಾವ ಊರಲ್ಲಾಯಿತು? ಬೇಸಿಗೆಗೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತಿದ್ದರು? ಗೌರಿ ಹಬ್ಬಕ್ಕೆ ಬಾಗಿನ ಯಾರ ಮನೆಯಿಂದ ಬರುತ್ತಿತ್ತು? ಉತ್ತರ ಕರ್ನಾಟಕದವರಾದರೆ ನಾಗರ ಪಂಚಮಿಗೆ ಕರೆಯಲು ಯಾರು ಬರುತ್ತಿದ್ದರು ಅಂತ ಕೇಳಿ. ಬಾಗಿನ ಕೊಡುವವನು, ಪಂಚಮಿಗೆ ಕರೆಯಲು ಬರುವವನು ಅಣ್ಣನೋ ತಮ್ಮನೋ ಆಗಿರುತ್ತಾನೆ. ಅಲ್ಲಿಗೆ ತವರಿನ ಊರು ಸಿಕ್ಕಿದ ಹಾಗೆ.

ಇನ್ನೂ ಒಳ್ಳೆ ಪ್ರಶ್ನೆ ಒಂದಿದೆ. ಅಜ್ಜಿಯ ಮದುವೆಯಲ್ಲಿ ಸೋದರಮಾವನಾಗಿ ಹಸೆಗೆ ಕರೆತಂದವರು ಯಾರು? ಹಿರಿಯ ಹೆಂಗಸರು ಊಟದ ಮೆನು ಮರೆತರೂ ಇದನ್ನು ಮರೆಯುವುದಿಲ್ಲ, ಯಾಕೆಂದರೆ ಅದು ಮರ್ಯಾದೆಯ ಜಾಗ, ಯಾರು ನಿಲ್ಲಬೇಕು ಅಂತ ಜಗಳಗಳೇ ಆಗಿರುತ್ತವೆ. ಗೌರಮ್ಮನ ತಮ್ಮ ಬಂದು ನಿಂತಿದ್ದರೆ ಅದೊಂದು ಬಲವಾದ ಸುಳಿವು. ಆದರೆ ಸುಳಿವು ಮಾತ್ರ. ಹೆತ್ತತಾಯಿಗೆ ಅಣ್ಣತಮ್ಮಂದಿರು ಇಲ್ಲದಿದ್ದರೆ ಬೇರೆಯವರನ್ನು ನಿಲ್ಲಿಸುತ್ತಿದ್ದರು.

"ಚಿಕ್ಕಮ್ಮ" ಅನ್ನುವ ಮಾತು ಬಂದಾಗ ಅಲ್ಲೇ ತಡೆದು ಕೇಳಿ. ಅಮ್ಮನ ತಂಗಿಯಾ, ಚಿಕ್ಕಪ್ಪನ ಹೆಂಡತಿಯಾ, ಅಪ್ಪನ ಎರಡನೇ ಹೆಂಡತಿಯಾ? ಮೂವರನ್ನೂ ಹಾಗೇ ಕರೆಯುತ್ತಾರೆ, ಮತ್ತು ನಮ್ಮ ಉದಾಹರಣೆಯಂಥ ಮನೆಗಳಲ್ಲಿ ಒಬ್ಬಳೇ ಹೆಂಗಸು ಒಂದಕ್ಕಿಂತ ಜಾಸ್ತಿ ರೀತಿಯಲ್ಲಿ ಚಿಕ್ಕಮ್ಮ ಆಗಿರಬಹುದು.

ವಯಸ್ಸು ಅಂದಾಜು ಮಾಡಲು ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಹಿಡಿಯಿರಿ. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರಾ, ಅದಕ್ಕೆ ಮೊದಲಾ? ಬೆಂಗಳೂರು ಮೈಸೂರಿನ ಕಡೆಯಾದರೆ 1898ರ ಪ್ಲೇಗಿನ ಮಾತು ಬರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಧಾತು ಈಶ್ವರದ ಬರ, ಅಂದರೆ 1876ರಿಂದ 78ರವರೆಗಿನ ಮಹಾಕ್ಷಾಮ. ಆ ಬರದ ಹೆಸರಿನಲ್ಲೇ ಎರಡು ಸಂವತ್ಸರ ಇವೆ ನೋಡಿ. ಸಂವತ್ಸರ 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. 1877-78 ಈಶ್ವರ, 1937-38 ಈಶ್ವರ, 1997-98 ಈಶ್ವರ. ಜಾತಕದಲ್ಲಿ ಬರೀ "ಈಶ್ವರ ಸಂವತ್ಸರ" ಅಂತಿದ್ದರೆ ಯಾವ ಸುತ್ತು ಅಂತ ನೀವೇ ಲೆಕ್ಕ ಹಾಕಬೇಕು. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ ಇಂಗ್ಲಿಷ್ ಇಸವಿ ಒಂದು ಮುಂದೆ ಬೀಳುವುದೇ ಜಾಸ್ತಿ.

ಅಟ್ಟ, ಟ್ರಂಕು, ಪಾತ್ರೆ

ಕಚೇರಿಗೆ ಓಡುವ ಮೊದಲು ಮನೆ ಜಾಲಾಡಿ. ಹಳೇ ಲಗ್ನಪತ್ರಿಕೆ ಎಲ್ಲರೂ ಹುಡುಕುತ್ತಾರೆ, ಮುಯ್ಯಿ ಪುಸ್ತಕವನ್ನು ಯಾರೂ ಹುಡುಕುವುದಿಲ್ಲ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟ ನೋಟ್‌ಬುಕ್ ಅದು. ಮುಂದೆ ಅವರ ಮನೆ ಮದುವೆಗೆ ತಿರುಗಿಸಬೇಕಲ್ಲ, ಅದಕ್ಕೆ ಊರಿನ ಹೆಸರು ಸಮೇತ ಜೋಪಾನವಾಗಿ ಇಟ್ಟಿರುತ್ತಾರೆ. ಎಲ್ಲರೂ ಎರಡು ರೂಪಾಯಿ, ಐದು ರೂಪಾಯಿ ಬರೆಸಿರುವ ಕಡೆ ಒಬ್ಬರ ಹೆಸರಿನ ಮುಂದೆ ಮಾತ್ರ ಸೀರೆ, ಬೆಳ್ಳಿ ಲೋಟ, ಐವತ್ತೊಂದು ರೂಪಾಯಿ ಅಂತಿದ್ದರೆ ಅವರು ಯಾರು ಅಂತ ವಿಚಾರಿಸಿ. ಬಹುಪಾಲು ಅದು ತವರಿನವರದ್ದೇ.

ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ತಿರುಗಿಸಿ ನೋಡಿ. ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಹೆಸರು ಕೆತ್ತಿಸಿರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸವೆದಿದ್ದರೆ ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದು ಫೋಟೋ ತೆಗೆಯಿರಿ, ಗುಳಿಗಳಲ್ಲಿ ನೆರಳು ಬಿದ್ದು ಅಕ್ಷರ ಮೇಲೆದ್ದು ಕಾಣುತ್ತದೆ. ಮದುವೆಗೆ ಕೊಟ್ಟ ಪಾತ್ರೆಯಾದರೆ ಕೊಟ್ಟವರ ಹೆಸರೋ ಇನಿಷಿಯಲ್ಲೋ ತಾರೀಖೋ ಏನಾದರೊಂದು ಇರುತ್ತದೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಹಂಡೆಗೆ ಹಿಡಿಯುವುದಿಲ್ಲ.

ಶ್ರಾದ್ಧ, ಪಕ್ಷಮಾಸ ಮಾಡುವ ಮನೆಗಳಲ್ಲಿ ಇನ್ನೊಂದು ಒಳ್ಳೆ ದಾಖಲೆ ಇದೆ, ಅದನ್ನು ದಾಖಲೆ ಅಂತ ಯಾರೂ ನೆನೆಸುವುದಿಲ್ಲ. ಮಹಾಲಯದಲ್ಲಿ ಹೆಸರು, ಗೋತ್ರ ಹೇಳಲು ಬರೆದಿಟ್ಟುಕೊಂಡ ಚೀಟಿ. ತಂದೆ, ಅಜ್ಜ, ಮುತ್ತಜ್ಜ. ತಾಯಿ, ಅಪ್ಪನ ತಾಯಿ, ಅವರ ಅತ್ತೆ. ಆಮೇಲೆ ಮಾತಾಮಹ ಅಂತ ತಾಯಿಯ ತಂದೆಯಿಂದ ಹಿಂದಕ್ಕೆ ಮೂರು ತಲೆಮಾರು, ಮಾತಾಮಹಿ ಅಂತ ತಾಯಿಯ ತಾಯಿ. ಮಲತಾಯಿ ಇದ್ದರೆ ಸಾಪತ್ನಮಾತೃ ಅಂತ ಬೇರೆಯೇ ಸಾಲು. ನಮ್ಮ ಪ್ರಶ್ನೆಗೆ ಇದು ಎಷ್ಟು ನೇರವಾಗಿ ಕೂರುತ್ತದೆ ನೋಡಿ. ಅಜ್ಜಿಯ ಮಗ, ಅಂದರೆ ನಿಮ್ಮ ಸೋದರಮಾವ, ತರ್ಪಣ ಬಿಡುವಾಗ ಮಾತಾಮಹಿಯ ಜಾಗದಲ್ಲಿ ಯಾರ ಹೆಸರು ಹೇಳುತ್ತಾರೆ? ಗೌರಮ್ಮನದೋ ಪುಟ್ಟಮ್ಮನದೋ? ಅವರ ಹತ್ತಿರ ಚೀಟಿ ಇಲ್ಲದಿದ್ದರೆ ಪುರೋಹಿತರ ಹತ್ತಿರ ಇರುತ್ತದೆ. ಹಳೇ ಚೀಟಿ ಸಿಕ್ಕರೆ ಅದನ್ನೇ ನಂಬಿ. ಹೊಸದಾಗಿ ನಕಲು ಮಾಡಿದ್ದರಲ್ಲಿ ಗೊತ್ತಿಲ್ಲದ ಹೆಸರಿನ ಜಾಗಕ್ಕೆ ಗಂಗಾ, ಸರಸ್ವತಿ ಅಂತ ತುಂಬಿಸಿರುವುದೂ ಉಂಟು.

ಮನೆಯವರು ಕಾಶಿಗೋ ಗಯೆಗೋ ತ್ರ್ಯಂಬಕೇಶ್ವರಕ್ಕೋ ಹರಿದ್ವಾರಕ್ಕೋ ಹೋಗಿದ್ದರೆ ಅಲ್ಲಿನ ಪಂಡಾಗಳ, ಅಂದರೆ ಕ್ಷೇತ್ರದ ಪುರೋಹಿತರ, ವಹಿಯಲ್ಲಿ ಅವರ ಊರು, ಹೆಸರು ಬರೆದುಕೊಂಡಿರಬಹುದು. ಉತ್ತರ ಕರ್ನಾಟಕದಲ್ಲಿ ಹೆಳವರು ಇದ್ದಾರೆ, ಮನೆತನದ ಕಥೆ ಹಾಡಿ ಹೇಳಿ ಕಾಳು ಪಡೆಯುವವರು. ಅವರೂ ಹೇಳುವುದು ಗಂಡಿನ ಸಾಲನ್ನೇ. ಆದ್ದರಿಂದ ನಿಮ್ಮ ಮನೆಗೆ ಬರುವ ಹೆಳವ ಬೇಡ, ಅಜ್ಜಿಯ ತವರಿಗೆ ಬರುವ ಹೆಳವ ಬೇಕು.

ಕಚೇರಿ ಕೆಲಸ

ತವರಿನ ಊರು ಗೊತ್ತಾದ ಮೇಲೆ ಮೊದಲು ನೋಡಬೇಕಾದದ್ದು, 1956ರ ನವೆಂಬರ್ 1ಕ್ಕೆ ಮೊದಲು ಆ ಊರು ಯಾರ ಆಡಳಿತದಲ್ಲಿತ್ತು ಅಂತ. ಮೈಸೂರು ಸಂಸ್ಥಾನವಾದರೆ ಕನ್ನಡ ದಾಖಲೆ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನಲ್ಲಿದ್ದವು, ಹಳೆಯವು ಉರ್ದುವಿನಲ್ಲಿ ಸಿಗುತ್ತವೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯ, ಅಲ್ಲಿ ಮರಾಠಿ ಮತ್ತು ಅದನ್ನು ಬರೆಯುತ್ತಿದ್ದ ಹಳೇ ಮೋಡಿ ಲಿಪಿ ಎದುರಾಗಬಹುದು. ದಕ್ಷಿಣ ಕನ್ನಡ ಮದ್ರಾಸ್. ಬಳ್ಳಾರಿ 1953ರವರೆಗೆ ಮದ್ರಾಸ್. ಓದಲು ಬಾರದಿದ್ದರೆ ಪರವಾಗಿಲ್ಲ, ಫೋಟೋ ತೆಗೆದಿಟ್ಟುಕೊಳ್ಳಿ, ಓದುವವರನ್ನು ಆಮೇಲೆ ಹುಡುಕಬಹುದು.

ಈಗ ತವರಿನ ಅಣ್ಣತಮ್ಮಂದಿರ ಜಮೀನಿನ ಸರ್ವೆ ನಂಬರ್ ಹಿಡಿಯಿರಿ. ಇವತ್ತಿನ ಪಹಣಿಯಿಂದ ಹಿಂದಕ್ಕೆ ಹೋಗಿ, ಖಾತೆ ಅಪ್ಪನಿಂದ ಮಕ್ಕಳಿಗೆ ಬದಲಾದ ಪೌತಿ ಖಾತೆಯ ಮ್ಯುಟೇಶನ್ ತೆಗೆಸಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮನ್ನೇ ಸ್ಕ್ಯಾನ್ ಮಾಡುತ್ತಿದ್ದಾರೆ, ಹಾಗಾಗಿ ಮೊದಲಿನಷ್ಟು ಧೂಳು ಕುಡಿಯಬೇಕಾಗಿಲ್ಲ.

ಇಲ್ಲಿ ಒಂದು ತಾರೀಖು ನೆನಪಿಡಿ: 1956ರ ಜೂನ್ 17. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ದಿನ. ಅದಕ್ಕೆ ಮೊದಲು ಅಪ್ಪ ಸತ್ತಿದ್ದರೆ, ಗಂಡುಮಕ್ಕಳಿದ್ದ ಮನೆಯಲ್ಲಿ ಹೆಣ್ಣುಮಕ್ಕಳ ಹೆಸರು ಕಾಗದಕ್ಕೆ ಬರುವುದು ಅಪರೂಪ. ಮೈಸೂರಿನಲ್ಲಿ 1933ರಲ್ಲೇ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು, ಅಲ್ಲಿ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. 1956ರ ನಂತರ ಸತ್ತಿದ್ದರೆ ಮಗಳೂ ವಾರಸುದಾರಳು. ಆಮೇಲೆ ಏನಾಯಿತು ಅಂತ ನಮಗೆಲ್ಲ ಗೊತ್ತಲ್ಲ, ಅಣ್ಣತಮ್ಮಂದಿರು ಅವಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರು.

ಆ ಪತ್ರ ಅವಳಿಗೆ ನಷ್ಟ, ನಿಮಗೆ ನಿಧಿ. ಅದರ ಮೊದಲ ಪ್ಯಾರಾದಲ್ಲೇ ಅವಳ ಹೆಸರು, ವಯಸ್ಸು ಸುಮಾರು ಇಷ್ಟು, ಇಂಥವರ ಮಗಳು, ಇಂಥವರ ಹೆಂಡತಿ, ಇಂಥ ಊರಿನಲ್ಲಿ ವಾಸ ಅಂತ ಎಲ್ಲ ಇರುತ್ತದೆ. ತವರಿನ ಹೆಸರು, ಗಂಡನ ಮನೆ ಹೆಸರು ಎರಡೂ ಇದ್ದವಳಾದರೆ "ಉರುಫ್" ಹಾಕಿ ಎರಡನ್ನೂ ಬರೆದಿರುತ್ತಾರೆ. ನಡುವೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಮೊತ್ತ. ಕೊನೆಯಲ್ಲಿ ಅವಳ ಹೆಬ್ಬೆಟ್ಟು, ಪಕ್ಕದಲ್ಲಿ "ಇದು ಇಂಥವಳ ಹೆಬ್ಬೆಟ್ಟಿನ ಗುರುತು" ಅಂತ ಬಿಕ್ಕಲಂ, ಅಂದರೆ ಪತ್ರ ಬರೆದುಕೊಟ್ಟವನ ಕೈಬರಹ, ಅದರ ಕೆಳಗೆ ಸಾಕ್ಷಿಗಳು. ಸಾಕ್ಷಿಗಳ ಹೆಸರನ್ನು ಬಿಡಬೇಡಿ, ಅವರಲ್ಲಿ ಒಬ್ಬ ಮಾವನೋ ಭಾವನೋ ಆಗಿರುತ್ತಾನೆ. ಇಬ್ಬರು ಹೆಂಡತಿಯರ ಮಕ್ಕಳಿದ್ದ ಮನೆಯಾದರೆ ಪಾಲು ಪತ್ರದಲ್ಲಿ "ಮೊದಲನೇ ಹೆಂಡತಿಯ ಮಕ್ಕಳು", "ಎರಡನೇ ಹೆಂಡತಿಯ ಮಕ್ಕಳು" ಅಂತ ಬೇರೆ ಬೇರೆ ಬರೆದಿರುವುದು ಜಾಸ್ತಿ.

ಇದನ್ನು ಹುಡುಕುವುದು ಹೇಗೆ? ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ವ್ಯವಹಾರಗಳ ಋಣಭಾರ ಪತ್ರ, ಸಿಗುವುದು 2004ರಿಂದ ಈಚೆಗೆ. ಹಿಂದಿನದಕ್ಕೆ ಆ ಊರು ಸೇರುವ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ನೋಂದಣಿ ಕಾಯ್ದೆ ಪ್ರಕಾರ ಇಂಡೆಕ್ಸ್ 1 ಇರುವುದು ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿಯ ಮೇಲೆ. ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕ ಮತ್ತು ಅದರ ಇಂಡೆಕ್ಸನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, 57ನೇ ಸೆಕ್ಷನ್ ಇದೆ. "ನೀವು ಯಾರು, ನಿಮಗ್ಯಾಕೆ" ಅಂತ ಕೌಂಟರಿನಲ್ಲಿ ಕೇಳಿದರೆ ಜಗಳ ಬೇಡ, ಸೆಕ್ಷನ್ ನಂಬರ್ ಬರೆದು ಅರ್ಜಿ ಕೊಡಿ. ವಿಲ್ ಇರುವ 3ನೇ ಪುಸ್ತಕದ ನಕಲು, ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗಬೇಕು.

ಪಾಲಿನ ದಾವೆ ನಡೆದಿದ್ದರೆ ನಿಮ್ಮ ಅದೃಷ್ಟ. ದಾವೆಯ ಅರ್ಜಿಯ ಜೊತೆ ವಂಶಾವಳಿ ಹಾಕಲೇಬೇಕು, ಎದುರು ಪಾರ್ಟಿ ಅದನ್ನು ಅಲ್ಲಗಳೆಯುತ್ತದೆ, ಆಮೇಲೆ ಜಡ್ಜು ಯಾರು ಯಾರ ಮಗಳು ಅಂತ ಕೂತು ತೀರ್ಮಾನ ಮಾಡಿರುತ್ತಾರೆ. ಗೇಣಿ ಮಾಡಿದ ಕುಟುಂಬವಾದರೆ 1974ರ ಭೂಸುಧಾರಣೆ ನಂತರ ಗೇಣಿ ಜಮೀನು ತಮ್ಮ ಹೆಸರಿಗೆ ಆಗಲಿ ಅಂತ ಸಲ್ಲಿಸಿದ 7ನೇ ನಮೂನೆ ಅರ್ಜಿಯ ಫೈಲು ಕೇಳಿ.

ಜನನ ಮರಣ ರಿಜಿಸ್ಟರ್ ಬಗ್ಗೆ ಜಾಸ್ತಿ ನಿರೀಕ್ಷೆ ಬೇಡ. ಹಳೆಯದರಲ್ಲಿ ಅಪ್ಪನ ಹೆಸರಿನ ಮುಂದೆ "ಹೆಣ್ಣು" ಅಂತ ಮಾತ್ರ ಇರುವುದೇ ಹೆಚ್ಚು. ಆದರೂ ತಾರೀಖು ಸಿಕ್ಕರೆ ಕೆಲಸಕ್ಕೆ ಬರುತ್ತದೆ: ಮಗು ಹುಟ್ಟಿದ್ದು 1931ರಲ್ಲಿ, ಗೌರಮ್ಮ ತೀರಿಕೊಂಡಿದ್ದು 1929ರಲ್ಲಿ ಅಂತಾದರೆ ಮುಂದೆ ಕೇಳುವುದೇ ಬೇಡ. ಶಾಲೆಯ ದಾಖಲಾತಿ ಪುಸ್ತಕ ನೋಡುವಾಗ ಅಪ್ಪನ ಊರಿನ ಶಾಲೆ ಮಾತ್ರವಲ್ಲ, ತವರಿನ ಊರಿನ ಶಾಲೆಯನ್ನೂ ನೋಡಿ. ಅಜ್ಜಿಮನೆಯಲ್ಲಿದ್ದು ಓದಿದ ಮಕ್ಕಳ ಹೆಸರಿನ ಎದುರು ಪಾಲಕರ ಕಾಲಮ್ಮಿನಲ್ಲಿ ಸೋದರಮಾವನ ಹೆಸರಿರುತ್ತದೆ. ಜನಗಣತಿ ದಾಖಲೆ ಕೇಳಬೇಡಿ, ಮನೆಮನೆಯ ವಿವರ ನೋಡಲು ಕಾನೂನಿನಲ್ಲೇ ಅವಕಾಶವಿಲ್ಲ. ಹಳೇ ಮತದಾರರ ಪಟ್ಟಿ ನೋಡಬಹುದು. ಆದರೆ ಮೊದಲ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತಲೇ ಬರೆಸಿ, ಪಟ್ಟಿಯಿಂದಲೇ ಬಿಟ್ಟುಹೋದರು. ಹೆಚ್ಚಿನವರು ಉತ್ತರದ ರಾಜ್ಯಗಳವರು.

ಎಲ್ಲರ ದಾರಿಯೂ ಇದೇ ಅಲ್ಲ. ತುಳುನಾಡಿನಲ್ಲಿ ಅಳಿಯಸಂತಾನದ ಕುಟುಂಬವಾದರೆ "ಬರಿ", ಅಂದರೆ ಗೋತ್ರದಂಥ ಬಳಿ, ಬರುವುದೇ ತಾಯಿಯಿಂದ, ಕುಟುಂಬದ ಮನೆಗೆ ಹೋದರೆ ಅಮ್ಮಂದಿರ ಸಾಲು ನೇರವಾಗಿ ಸಿಗುತ್ತದೆ, ಅಲ್ಲಿ ಕಷ್ಟವಾಗುವುದು ಅಪ್ಪನ ಕಡೆಯದು. ಮಂಗಳೂರಿನ ಕ್ಯಾಥೊಲಿಕರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರೂ ಇರುತ್ತದೆ. ಟಿಪ್ಪುವಿನ ಕಾಲದಲ್ಲಿ, 1784ರಿಂದ 99ರವರೆಗೆ ಅವರು ಸೆರೆಯಲ್ಲಿದ್ದಾಗ ಚರ್ಚುಗಳು ನೆಲಸಮವಾದವು, ಹಾಗಾಗಿ ಅದಕ್ಕೂ ಹಿಂದಕ್ಕೆ ಹೋಗುವುದು ಕಷ್ಟ. ಮುಸ್ಲಿಮರಿಗೆ ನಿಕಾಹ್‌ನಾಮಾದಲ್ಲಿ ಹುಡುಗಿಯ ತಂದೆಯ ಹೆಸರು ಸಿಗುತ್ತದೆ.

ಯಾವುದನ್ನು ಎಷ್ಟು ನಂಬಬೇಕು

ಪ್ರತಿ ಕಾಗದಕ್ಕೂ ಮೂರು ಕೇಳಿ. ಬರೆದವರು ಯಾರು, ಯಾವಾಗ, ಅವರಿಗೆ ಏನು ಲಾಭ? ವಂಶವೃಕ್ಷದ ಅಫಿಡವಿಟ್ಟಿನಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವುದು ಊರಿಗೆಲ್ಲ ಗೊತ್ತಿರುವ ವಿದ್ಯೆ. ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅವಳು ಇರಲೇ ಇಲ್ಲ ಅಂತಲ್ಲ. ಕೋರ್ಟುಗಳು ಪಾಲಿಸುವ ಒಂದು ನಿಯಮ ಇಲ್ಲಿ ನಮಗೂ ಉಪಯೋಗ: ಸಂಬಂಧದ ಬಗ್ಗೆ ಮನೆಯ ಹಿರಿಯರು ಹೇಳಿ ತೀರಿಕೊಂಡ ಮಾತನ್ನು, ಅದು ಜಗಳ ಹುಟ್ಟುವುದಕ್ಕೆ ಮೊದಲಿನದಾದರೆ, ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೇ 1940ರ ಮುಯ್ಯಿ ಪುಸ್ತಕ 1985ರ ದಾವೆಗಿಂತ ನನಗೆ ಹೆಚ್ಚು. ಮುಯ್ಯಿ ಬರೆದವನಿಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇರಲಿಲ್ಲ.

ಸೋದರಮಾವನನ್ನೇ ಮದುವೆಯಾದ ಕಡೆ ಮರ ಗಂಟಾಗುತ್ತದೆ. ಅಮ್ಮ ತನ್ನ ಸೋದರಮಾವನನ್ನು ಮದುವೆಯಾಗಿದ್ದರೆ, ಅಪ್ಪನ ಅಮ್ಮನೂ ಅಮ್ಮನ ಅಜ್ಜಿಯೂ ಒಬ್ಬಳೇ ಹೆಂಗಸು. ಇಬ್ಬರು ಅಂತ ಬರೆದುಕೊಂಡರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಗ್ರಾಂಪ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇಂಥ ಗಂಟನ್ನು ತಾಳಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು.

ಡಿಎನ್‌ಎ ಪರೀಕ್ಷೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ನಿಜ. ಆದರೆ ಅದು ಬದಲಾಗುವುದು ಬಹಳ ನಿಧಾನ, ಇಬ್ಬರದು ಹೊಂದಿದರೆ ಸಾವಿರಾರು ವರ್ಷ ಹಿಂದಿನ ನಂಟೂ ಆಗಿರಬಹುದು. ಹೊಂದದಿದ್ದರೆ ಮಾತ್ರ ಗಟ್ಟಿ ಉತ್ತರ. ಪುಟ್ಟಮ್ಮನ ಮಗಳ ಮಗಳದ್ದೂ ನಿಮ್ಮ ಅಮ್ಮನದ್ದೂ ಬೇರೆ ಬೇರೆ ಬಂದರೆ ನಿಮ್ಮ ಅಜ್ಜಿ ಪುಟ್ಟಮ್ಮನ ಮಗಳಲ್ಲ. ಇಬ್ಬರೂ ಹೆಂಡತಿಯರು ಅಕ್ಕತಂಗಿಯರಾಗಿದ್ದರೆ ದುಡ್ಡು ದಂಡ.

ಇನ್ನು ತವರಿನವರ ಮನೆಗೆ ಹೋಗುವ ವಿಷಯ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂದ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಆದಮೇಲೆ ಹೆಣ್ಣುಮಕ್ಕಳ ಕಡೆಯವರು ಹಳೇ ಕಾಗದ ಕೇಳಿದರೆ ಪಾಲು ಕೇಳಲು ಬಂದರು ಅಂತಲೇ ತಿಳಿಯುತ್ತಾರೆ. ಅವರ ಜಾಗದಲ್ಲಿ ನಾವಿದ್ದರೂ ಹಾಗೇ ತಿಳಿಯುತ್ತಿದ್ದೆವು. ಮೊದಲ ಸಲ ಹೋದಾಗ ಪತ್ರ, ಪಹಣಿ, ಸರ್ವೆ ನಂಬರ್ ಮಾತೇ ಎತ್ತಬೇಡಿ. ಅಜ್ಜಿಯ ಹಳೇ ಫೋಟೋ ಒಂದನ್ನು ಪ್ರಿಂಟ್ ಹಾಕಿಸಿ ಅವರಿಗೇ ಕೊಡಿ. ಅವರ ಮನೆ ಗೋಡೆಯ ಫೋಟೋಗಳಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಫೋಟೋದ ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋ ಹೆಸರು ಊರು ಅಲ್ಲೇ ಇರುತ್ತದೆ. ಉಡಿಕೆಯಂಥ, ದತ್ತಿನಂಥ ಸಂಗತಿ ಹೊರಬಿದ್ದರೆ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವ ಮೊದಲು ಯಾರಿಗೆ ನೋವಾಗಬಹುದೋ ಅವರ ಹತ್ತಿರ ಒಂದು ಮಾತು ಆಡಿ.

ಸಿಕ್ಕಿದ್ದನ್ನೆಲ್ಲ ಬರೆದಿಡುವಾಗ ಹೆಸರಿನ ಪಕ್ಕದಲ್ಲೇ ಅದು ಎಲ್ಲಿಂದ ಬಂತು ಅಂತ ಹಾಕಿ: ಯಾರು ಹೇಳಿದರು, ಯಾವ ಪತ್ರ, ಯಾವ ವರ್ಷ, ಎಷ್ಟನೇ ಪುಟ. ಗೌರಮ್ಮನೋ ಪುಟ್ಟಮ್ಮನೋ ತೀರ್ಮಾನವಾಗದಿದ್ದರೆ ಎರಡನ್ನೂ ಬರೆದು ಪ್ರಶ್ನೆ ಚಿಹ್ನೆ ಹಾಕಿ ಬಿಡಿ, ಒಂದನ್ನು ಅಳಿಸಿಬಿಟ್ಟರೆ ನಿಮ್ಮ ಮಕ್ಕಳು ಅದನ್ನೇ ಸತ್ಯ ಅಂದುಕೊಳ್ಳುತ್ತಾರೆ. ಹಳೇ ಪತ್ರಗಳಿಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೂ ಅಂಟಿಗೂ ಶಾಯಿ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಮಡಿಕೆ ಬಿಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಟ್ರಂಕನ್ನು ನೆಲದಿಂದ ಮೇಲೆತ್ತಿಡಿ.